ಬೆಟ್ಟ ಹಾಗೇ ಇದೆ, ಪೇಟೆಯ ಗುರುತು ಸಿಗುತ್ತಿಲ್ಲ: ದುರ್ಗ ಬದಲಾಗಿದ್ದು ಹೇಗೆ, ಉಳಿಸಿಕೊಳ್ಳಬೇಕಾದ್ದು ಏನು?

ಚಿತ್ರದುರ್ಗ: ಇಪ್ಪತ್ತೈದು, ಮೂವತ್ತು ವರ್ಷದ ಹಿಂದೆ ಓದಿಗೋ ಕೆಲಸಕ್ಕೋ ಊರು ಬಿಟ್ಟವರು ಹಬ್ಬಕ್ಕೆ, ಮದುವೆಗೆ ಅಂತ ದುರ್ಗಕ್ಕೆ ಬಂದರೆ ಮೊದಲು ಹೇಳುವ ಮಾತು ಹೆಚ್ಚು ಕಡಿಮೆ ಒಂದೇ. ಎಲ್ಲಿ ಇಳೀಬೇಕು ಅಂತಾನೇ ಗೊತ್ತಾಗಲಿಲ್ಲ ಅಂತಾರೆ. ಹೈವೇಯಿಂದ ಊರೊಳಗೆ ತಿರುಗುವ ಜಾಗ ಬೇರೆಯಾಗಿದೆ. ಹೊಲ ಇದ್ದ ಕಡೆ ಲೇಔಟ್ ಎದ್ದಿದೆ. ಹೆಂಚಿನ ಮನೆ ಇದ್ದ ಕಡೆ ಮೂರು ಅಂತಸ್ತಿನ ಕಾಂಪ್ಲೆಕ್ಸ್ ನಿಂತಿದೆ. ಕೊನೆಗೆ ದಾರಿ ತೋರಿಸುವುದು ಬೆಟ್ಟವೇ. ತಲೆ ಎತ್ತಿ ಕೋಟೆ ಯಾವ ಕಡೆ ಕಾಣುತ್ತೆ ಅಂತ ನೋಡಿಕೊಂಡರೆ ಮನೆ ಯಾವ ದಿಕ್ಕಿಗಿದೆ ಅನ್ನೋದು ತಿಳಿಯುತ್ತದೆ.

ಬೆಟ್ಟ ಹಾಗೇ ಇದೆಯಲ್ಲ, ಕೋಟೆಗೆ ಏನೂ ಆಗಿಲ್ಲವಲ್ಲ ಎನ್ನುವ ಸಮಾಧಾನ ಎಲ್ಲರಿಗೂ ಇದೆ. ಆದರೆ ಆ ಸಮಾಧಾನದಲ್ಲೇ ಒಂದು ತಪ್ಪು ಲೆಕ್ಕವಿದೆ. ದುರ್ಗದ ಕೋಟೆ ಬೆಟ್ಟದ ಮೇಲಷ್ಟೇ ಇರಲಿಲ್ಲ. ಬೆಟ್ಟದ ಕೆಳಗಿನ ಪೇಟೆ, ಪೇಟೆ ಸುತ್ತಿನ ಗೋಡೆ, ಗೋಡೆಯಾಚೆಯ ಕಂದಕ, ಬೆಟ್ಟದಿಂದ ಇಳಿದು ಬರುವ ನೀರಿನ ದಾರಿ ಎಲ್ಲವೂ ಸೇರಿ ಕೋಟೆ. ಈಗ ರಸ್ತೆ ಅಗಲೀಕರಣ, ಹೊಸ ಬಡಾವಣೆ, ಬರಲಿರುವ ರೈಲು ಮಾರ್ಗದ ಮಾತು ನಡೆಯುತ್ತಿರುವಾಗ ಅಪಾಯದಲ್ಲಿರುವುದು ಈ ಕೆಳಗಿನ ಅರ್ಧ. ಅದು ಹೇಗೆ ಎನ್ನುವುದನ್ನು ಒಂದೊಂದಾಗಿ ನೋಡೋಣ.

ಏಳು ಸುತ್ತು ಎಲ್ಲಿಂದ ಶುರುವಾಗುತ್ತೆ?

ಏಳು ಸುತ್ತಿನ ಕೋಟೆ ಅಂತ ಎಲ್ಲರೂ ಹೇಳುತ್ತಾರೆ. ಟಿಕೆಟ್ ಕೌಂಟರ್ ದಾಟಿದ ಮೇಲೆ ಒಂದು, ಎರಡು ಅಂತ ಎಣಿಸೋಕೆ ಶುರು ಮಾಡಿದರೆ ಮಾತ್ರ ಲೆಕ್ಕ ಕೂಡುವುದಿಲ್ಲ. ಕಾರಣ ಸರಳ. ಹೊರಗಿನ ಸುತ್ತು ಇರುವುದು ಊರೊಳಗೆ. ದೊಡ್ಡಪೇಟೆ, ಚಿಕ್ಕಪೇಟೆ ಕಡೆ ಓಡಾಡುವವರು ತಮಗೆ ಗೊತ್ತಿಲ್ಲದೆಯೇ ಹಳೇ ಕೋಟೆಯ ಒಳಗೆ ಓಡಾಡುತ್ತಿರುತ್ತಾರೆ.

ಹೊರಕೋಟೆಗೆ ನಾಲ್ಕು ಮುಖ್ಯ ಬಾಗಿಲು ಇದ್ದವು. ರಂಗಯ್ಯನ ಬಾಗಿಲು, ಸಿದ್ದಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು. ಇವುಗಳಲ್ಲಿ ರಂಗಯ್ಯನ ಬಾಗಿಲು ದುರ್ಗದವರ ಬಾಯಲ್ಲಿ ಈಗಲೂ ದಿನನಿತ್ಯ ಬರುವ ಹೆಸರು. ಸರ್ಕಾರಿ ವಸ್ತುಸಂಗ್ರಹಾಲಯ ಇರುವುದೂ ಅದರ ಬಳಿಯೇ. ಬೈಕು, ಆಟೋ, ಶಾಲಾ ಮಕ್ಕಳು ಎಲ್ಲರೂ ಆ ಕಡೆ ಓಡಾಡುತ್ತಾರೆ. ಅದು ಒಂದು ಕಾಲದಲ್ಲಿ ಶತ್ರು ಸೈನ್ಯವನ್ನು ತಡೆಯಲು ಕಟ್ಟಿದ ದ್ವಾರ ಅನ್ನುವುದನ್ನು ನೆನಪು ಮಾಡಿಕೊಳ್ಳುವವರು ಕಡಿಮೆ.

ಇತಿಹಾಸವನ್ನು ಚಿಕ್ಕದಾಗಿ ಹೇಳುವುದಾದರೆ, ವಿಜಯನಗರದ ಕಾಲದಲ್ಲಿ, 1568ರ ಹೊತ್ತಿಗೆ ತಿಮ್ಮಣ್ಣ ನಾಯಕನಿಂದ ಇಲ್ಲಿ ಪಾಳೆಯಗಾರರ ಆಳ್ವಿಕೆ ಶುರುವಾಯಿತು. ಎರಡು ಶತಮಾನಕ್ಕೂ ಹೆಚ್ಚು ಕಾಲ ನಾಯಕರು ಗೋಡೆ, ಬಾಗಿಲು, ಬತೇರಿ, ಹೊಂಡ, ಗುಡಿಗಳನ್ನು ಒಂದರ ಮೇಲೊಂದು ಸೇರಿಸುತ್ತಾ ಹೋದರು. 1779ರಲ್ಲಿ ಮದಕರಿ ನಾಯಕನ ಕೈಯಿಂದ ಕೋಟೆ ಹೈದರಾಲಿ ವಶವಾಯಿತು. ಹೈದರ್ ಮತ್ತು ಟಿಪ್ಪು ಕಾಲದಲ್ಲೂ ಕೋಟೆಯ ಕೆಲಸ ನಡೆಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಊರು ಮೈಸೂರು ಸಂಸ್ಥಾನಕ್ಕೆ ಸೇರಿತು. ಆಮೇಲೆ ಕೋಟೆಗೆ ಯುದ್ಧದ ಕೆಲಸ ಇಲ್ಲವಾಯಿತು. ಜನ ನಿಧಾನಕ್ಕೆ ಬೆಟ್ಟ ಇಳಿದು ಪೇಟೆಯಲ್ಲಿ ನೆಲೆಯೂರಿದರು. ಪೇಟೆ ಗೋಡೆ ದಾಟಿ ಹೊರಗೆ ಬೆಳೆಯಿತು.

ಹಾಗಾಗಿ ದುರ್ಗದಲ್ಲಿ ಹಳೇದು, ಹೊಸದು ಅನ್ನೋ ಗೆರೆ ಬೆಟ್ಟದ ಬುಡದಲ್ಲಿ ಇಲ್ಲ. ಅದು ಪೇಟೆಯ ನಡುವೆ, ಕೆಲವು ಕಡೆ ಮನೆಗಳ ಹಿತ್ತಲಲ್ಲೇ ಹಾದು ಹೋಗುತ್ತದೆ.

ನಾಗರಹಾವು ನೋಡಿದವರ ದುರ್ಗ

ದುರ್ಗ ಎಷ್ಟು ಬದಲಾಗಿದೆ ಅಂತ ತಿಳಿಯಲು ದುರ್ಗದವರ ಹತ್ತಿರ ಒಂದು ಅಳತೆಗೋಲು ಇದೆ. ಅದು 1972ರಲ್ಲಿ ಬಂದ ಪುಟ್ಟಣ್ಣ ಕಣಗಾಲ್ ಅವರ 'ನಾಗರಹಾವು'. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ಈ ಸಿನಿಮಾದ ಚಿತ್ರೀಕರಣ ನಡೆದಿದ್ದು ಇದೇ ಕೋಟೆಯಲ್ಲಿ. ವಿಷ್ಣುವರ್ಧನ್ ರಾಮಾಚಾರಿಯಾಗಿ ಹತ್ತಿ ಇಳಿದ ಬಂಡೆಗಳು, ಜಯಂತಿ ಓಬವ್ವನಾಗಿ ಒನಕೆ ಹಿಡಿದು ನಿಂತ ದೃಶ್ಯ ರಾಜ್ಯದ ಜನಕ್ಕೆಲ್ಲ ದುರ್ಗದ ಪರಿಚಯ ಮಾಡಿಸಿದವು. ಇವತ್ತಿಗೂ ಕೋಟೆ ನೋಡಲು ಬರುವವರು ಗೈಡ್‌ಗಳನ್ನು ಮೊದಲು ಕೇಳುವುದು ಓಬವ್ವನ ಕಿಂಡಿ ಎಲ್ಲಿ ಅಂತ, ಆಮೇಲೆ ರಾಮಾಚಾರಿ ಓಡಾಡಿದ ಬಂಡೆ ಯಾವುದು ಅಂತ.

ಆ ಸಿನಿಮಾ ನೋಡಿ ಇವತ್ತು ಬೆಟ್ಟ ಹತ್ತಿದರೆ ಬಂಡೆ, ಗೋಡೆ, ಗುಡಿಗಳು ಅಲ್ಲೇ ಇವೆ. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ, ಗೋಪಾಲಕೃಷ್ಣ ಗುಡಿಗಳು ಇದ್ದ ಜಾಗದಲ್ಲೇ ನಿಂತಿವೆ. ಆದರೆ ಮೇಲೆ ನಿಂತು ಹೊರಗೆ ಕಣ್ಣು ಹಾಯಿಸಿದರೆ ಕಾಣುವುದು ಬೇರೆಯದೇ ನೋಟ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು. ದೂರದಲ್ಲಿ ಹೆದ್ದಾರಿ ಮೇಲೆ ಓಡುವ ಲಾರಿಗಳು. ಕೆಳಗೆ ಗೋಡೆಯ ತನಕ ಒತ್ತಿಕೊಂಡು ಬಂದಿರುವ ತಾರಸಿ ಮನೆಗಳು, ಪ್ರತಿ ತಾರಸಿ ಮೇಲೂ ಕಪ್ಪು ನೀರಿನ ಟ್ಯಾಂಕು.

ಬೆಟ್ಟವನ್ನು ಕಾನೂನು ಕಾಪಾಡಿತು. ಪೇಟೆಯನ್ನು ಕಾಪಾಡುವ ಹೊಣೆ ಯಾರಿಗೂ ಇರಲಿಲ್ಲ.

ಹೈವೇ ಹೊರಗೆ ಹೋಯಿತು, ಊರು ಅದರ ಹಿಂದೆ ಹೋಯಿತು

ದುರ್ಗವನ್ನು ಬದಲಿಸಿದ ಮೊದಲ ಶಕ್ತಿ ರಸ್ತೆ. ಬೆಂಗಳೂರು–ಪುಣೆ ನಡುವಿನ ರಾಷ್ಟ್ರೀಯ ಹೆದ್ದಾರಿ 4, ಸೊಲ್ಲಾಪುರ–ಮಂಗಳೂರು ನಡುವಿನ ಹೆದ್ದಾರಿ 13, ಎರಡೂ ಕೂಡುವ ಜಾಗ ಚಿತ್ರದುರ್ಗ. ಈಗ ನಂಬರ್ ಬದಲಾಗಿವೆ. 4 ಎನ್ನುವುದು 48 ಆಗಿದೆ. 13ರಲ್ಲಿ ಹೊಸಪೇಟೆ ಕಡೆಗೆ ಹೋಗುವುದು 50, ಹೊಳಲ್ಕೆರೆ ಮೇಲೆ ಶಿವಮೊಗ್ಗ ಕಡೆಗೆ ಹೋಗುವುದು 369. ಹಳಬರ ಬಾಯಲ್ಲಿ ಮಾತ್ರ ಈಗಲೂ ಎನ್‌ಎಚ್ ನಾಲ್ಕು, ಎನ್‌ಎಚ್ ಹದಿಮೂರು.

ಹಿಂದೆ ದೂರದೂರಿನ ಬಸ್ಸು, ಲಾರಿಗಳು ಊರೊಳಗೇ ಬಂದು ಹೋಗುತ್ತಿದ್ದವು. ಊಟ, ಟೀ, ಪಂಕ್ಚರ್, ಡೀಸೆಲ್ ಎಲ್ಲ ಊರ ನಡುವಿನ ವ್ಯಾಪಾರ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಹೆದ್ದಾರಿ ನಾಲ್ಕು ಪಥವಾಗಿ ಊರಾಚೆ ಬೈಪಾಸ್ ಬಂದಾಗ ಆ ಸಂಚಾರ ಹೊರಗೆ ಹೋಯಿತು. ಊರೊಳಗೆ ಅಪಘಾತ, ಹೊಗೆ, ಗಲಾಟೆ ಕಡಿಮೆಯಾದದ್ದು ನಿಜ. ಜೊತೆಗೆ ಇನ್ನೊಂದೂ ನಡೆಯಿತು. ಜಮೀನಿನ ಬೆಲೆ ಪೇಟೆಯಿಂದ ಬೈಪಾಸ್ ಕಡೆಗೆ ಜಾರಿತು. ಹೊಸ ಬಡಾವಣೆ, ಕಲ್ಯಾಣ ಮಂಟಪ, ಶಾಲೆ, ಶೋರೂಮ್, ಡಾಬಾಗಳು ಆ ಕಡೆಗೇ ಬೆಳೆದವು.

ಹಿರಿಯೂರಿನಲ್ಲೂ ಇದೇ ಆಯಿತು. ಅಲ್ಲಿ ಹೆದ್ದಾರಿ 48ಕ್ಕೆ ಬಳ್ಳಾರಿ, ಚಳ್ಳಕೆರೆ ಕಡೆಯಿಂದ ಬಂದು ಹುಳಿಯಾರು ಕಡೆಗೆ ಹೋಗುವ 150ಎ ಸೇರುತ್ತದೆ. ಒಂದು ಕಾಲದಲ್ಲಿ ಬೆಂಗಳೂರಿಗೆ ಹೋಗುವವರೆಲ್ಲ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಟೀ ಕುಡಿಯುತ್ತಿದ್ದರು. ಈಗ ಎಷ್ಟೋ ವಾಹನಗಳು ಊರನ್ನು ನೋಡದೆಯೇ ಮುಂದೆ ಹೋಗುತ್ತವೆ.

ಇದರ ಜೊತೆ ಆಡಳಿತದ ನಕ್ಷೆಯೂ ಬದಲಾಯಿತು. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಯ ದೊಡ್ಡ ವ್ಯಾಪಾರಿ ಊರು ಬೇರೆಯಾದ ಮೇಲೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮುರು ಎಂಬ ಆರು ತಾಲ್ಲೂಕುಗಳು ಉಳಿದವು. 2011ರ ಜನಗಣತಿಯಲ್ಲಿ ಈ ಆರು ತಾಲ್ಲೂಕುಗಳ ಜನಸಂಖ್ಯೆ 16.59 ಲಕ್ಷ. ಕಚೇರಿ, ಆಸ್ಪತ್ರೆ, ಕಾಲೇಜು, ಕೋರ್ಟು ಅಂತ ಈ ಜನರೆಲ್ಲ ಬರುವುದು ಜಿಲ್ಲಾ ಕೇಂದ್ರಕ್ಕೆ. ಎತ್ತಿನಗಾಡಿ, ಕುದುರೆಗೆ ಅಂತ ಹಾಕಿದ ಬೀದಿಗಳ ಮೇಲೆ ಈಗ ಆ ಭಾರ ಬಿದ್ದಿದೆ.

ರಸ್ತೆ ಅಗಲವಾದರೆ ಕಳೆದುಹೋಗುವುದು ಏನು?

ಬಿ.ಡಿ. ರಸ್ತೆಯಲ್ಲಿ ಸಂಜೆ ಐದರಿಂದ ಏಳರ ನಡುವೆ ಓಡಾಡಿದವರಿಗೆ ರಸ್ತೆ ಅಗಲ ಆಗಬೇಕು ಅನ್ನಿಸದೆ ಇರುವುದಿಲ್ಲ. ಅದು ತಪ್ಪೂ ಅಲ್ಲ. ಆಂಬುಲೆನ್ಸ್ ಹೋಗಲು ದಾರಿ ಬೇಕು, ಮಕ್ಕಳು ನಡೆಯಲು ಫುಟ್‌ಪಾತ್ ಬೇಕು, ಮಳೆ ನೀರಿಗೆ ಚರಂಡಿ ಬೇಕು. ಪ್ರಶ್ನೆ ಇರುವುದು ಎಲ್ಲಿ, ಎಷ್ಟು, ಏನನ್ನು ಬಿಟ್ಟು ಎನ್ನುವುದರಲ್ಲಿ.

ಮುಖ್ಯ ರಸ್ತೆಗೂ ಪೇಟೆ ಬೀದಿಗೂ ವ್ಯತ್ಯಾಸ ಇದೆ. ಮುಖ್ಯ ರಸ್ತೆ ಊರಿಂದ ಊರಿಗೆ ಜನರನ್ನು ದಾಟಿಸುವುದಕ್ಕೆ. ದೊಡ್ಡಪೇಟೆ, ಚಿಕ್ಕಪೇಟೆಯಂಥ ಬೀದಿಗಳಿರುವುದು ಜನ ನಿಂತು, ಮಾತಾಡಿ, ಕೊಂಡು ಹೋಗುವುದಕ್ಕೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಜಗುಲಿ ಎನ್ನುವ ಕಟ್ಟಡಗಳು ಇಲ್ಲಿನ ಹಳೇ ಪದ್ಧತಿ. ಇಂಥ ಕಟ್ಟಡದ ಮುಂಭಾಗ ಹತ್ತು ಅಡಿ ಹೋದರೆ ಹಿಂದಿನ ಮನೆ ಮನೆಯಾಗಿ ಉಳಿಯುವುದಿಲ್ಲ. ಉಳಿದ ತುಂಡಿನಲ್ಲಿ ಮಾಲೀಕ ಮೇಲಕ್ಕೆ ಕಟ್ಟುತ್ತಾನೆ, ಇಲ್ಲ ಮಾರುತ್ತಾನೆ. ಹತ್ತು ವರ್ಷದಲ್ಲಿ ಬೀದಿಯ ಮುಖವೇ ಬೇರೆಯಾಗುತ್ತದೆ.

ಇಲ್ಲಿ ಪ್ರತಿ ಕುಟುಂಬಕ್ಕೂ ತಿಳಿದಿರಬೇಕಾದ ಒಂದು ವಿಷಯ ಇದೆ. ಸ್ವಂತ ದಾಖಲೆ ಇರುವ ಜಾಗ ರಸ್ತೆಗೆ ಹೋದರೆ ಅದಕ್ಕೆ ಪರಿಹಾರ ಪಡೆಯುವ ಹಕ್ಕಿದೆ. ಕ್ರಯಪತ್ರ, ಖಾತೆ, ಕಂದಾಯ ರಸೀದಿ, ಕಟ್ಟಡ ಪರವಾನಗಿ ಸರಿಯಾಗಿ ಇರಬೇಕು. ರಸ್ತೆಯ ಜಾಗಕ್ಕೇ ಮುಂದೆ ಚಾಚಿದ ಮೆಟ್ಟಿಲು, ಶೀಟು, ಕಟ್ಟೆಗೆ ಪರಿಹಾರ ಕೇಳಲು ಬರುವುದಿಲ್ಲ. ಎಷ್ಟೋ ಜಗಳ ಶುರುವಾಗುವುದು ಇಲ್ಲೇ. ಅಜ್ಜನ ಕಾಲದ ಮನೆ, ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ. ಗುರುತು ಹಾಕುವವರು ಬಂದ ದಿನ ಓಡಾಡುವುದಕ್ಕಿಂತ, ಇವತ್ತೇ ಖಾತೆ ಬದಲಾವಣೆ, ಅಳತೆ ನಕ್ಷೆ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಬಾಡಿಗೆ ಅಂಗಡಿಯವರ ಸ್ಥಿತಿ ಇನ್ನೂ ಕಷ್ಟದ್ದು. ಮೂವತ್ತು ವರ್ಷ ಒಂದೇ ಜಾಗದಲ್ಲಿ ಕೂತು ವ್ಯಾಪಾರ ಮಾಡಿದವರಿಗೆ ಗಿರಾಕಿ ಬರುವುದು ಆ ಜಾಗದ ಗುರುತಿನಿಂದ. ಜಾಗ ಹೋದರೆ ಗಿರಾಕಿಯೂ ಹೋಗುತ್ತಾನೆ. ರಸ್ತೆ ಯೋಜನೆ ಮಾಡುವಾಗ ಮಾಲೀಕರ ಜೊತೆ ಇವರನ್ನೂ ಕೂರಿಸಿಕೊಂಡು ಮಾತಾಡಬೇಕು ಅನ್ನುವುದು ಇದಕ್ಕಾಗಿ.

ಬೆಟ್ಟದಿಂದ ಇಳಿಯುವ ನೀರಿಗೆ ದಾರಿ ಇದೆಯಾ?

ದುರ್ಗದ ಕೋಟೆ ಶತ್ರುಗಳ ಮುತ್ತಿಗೆಯನ್ನು ತಿಂಗಳುಗಟ್ಟಲೆ ತಡೆದುಕೊಂಡಿದ್ದು ಬರೀ ಕಲ್ಲಿನ ಗೋಡೆಯಿಂದಲ್ಲ. ಒಳಗೆ ಕುಡಿಯಲು ನೀರಿತ್ತು. ಮಳೆ ಕಡಿಮೆ ಬೀಳುವ ಈ ಬಯಲುಸೀಮೆಯಲ್ಲಿ ನಾಯಕರ ಕಾಲದವರು ಮಾಡಿದ್ದು ಸೀದಾ ಲೆಕ್ಕ. ಬಂಡೆ ಮೇಲೆ ಬಿದ್ದ ನೀರು ಇಂಗುವುದಿಲ್ಲ, ಹರಿಯುತ್ತದೆ. ಹರಿಯುವ ನೀರನ್ನು ಮೇಲೆ ಒಂದು ಹೊಂಡದಲ್ಲಿ ಹಿಡಿ. ಅದು ತುಂಬಿದರೆ ಕೋಡಿ ಬಿದ್ದ ನೀರನ್ನು ಕೆಳಗಿನ ಹೊಂಡಕ್ಕೆ ಬಿಡು.

ಮೇಲೆ ಗೋಪಾಲಸ್ವಾಮಿ ಹೊಂಡ, ಅಲ್ಲಿಂದ ಅಕ್ಕ–ತಂಗಿ ಹೊಂಡ, ಅದರ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಬೆಟ್ಟದ ಮೇಲಿನ ಹೊಂಡಕ್ಕೂ ಪೇಟೆಯ ನಡುವಿನ ಹೊಂಡಕ್ಕೂ ನಂಟು ಇತ್ತು. ಸಂತೆ ಹೊಂಡದ ಕಲ್ಲಿನ ಮೆಟ್ಟಿಲುಗಳನ್ನು ನೋಡಿದರೆ ಅದನ್ನು ಎಷ್ಟು ಶ್ರದ್ಧೆಯಿಂದ ಕಟ್ಟಿದ್ದಾರೆ ಅನ್ನೋದು ಗೊತ್ತಾಗುತ್ತದೆ.

ಕೋಟೆಯ ಬೆನ್ನಿಗಿರುವ ಚಂದ್ರವಳ್ಳಿಯಲ್ಲಿ ಈ ಲೆಕ್ಕ ಇನ್ನೂ ಹಳೆಯದು. ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವಿನ ಈ ಕಣಿವೆಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ. ನಾಲ್ಕನೇ ಶತಮಾನದ ಆ ಬಂಡೆಬರಹ ಹೇಳುವುದು ಕೆರೆಯ ಸಂಗತಿಯನ್ನೇ. ಶಾತವಾಹನರ ನಾಣ್ಯ, ರೋಮನ್ ನಾಣ್ಯಗಳು ಸಿಕ್ಕ ಜಾಗ ಇದು. ಅಂದರೆ ಇಲ್ಲಿ ಜನ ನೆಲೆಸಿದ್ದು, ದೂರದ ದೇಶದ ವ್ಯಾಪಾರ ಕಂಡಿದ್ದು ಕೋಟೆಗಿಂತ ಎಷ್ಟೋ ಶತಮಾನ ಮೊದಲು. ಹಾಗೆ ನೆಲೆಸಲು ನೀರು ಇದ್ದದ್ದು ಒಂದು ದೊಡ್ಡ ಕಾರಣ.

ನಲ್ಲಿ ನೀರು ಬಂದ ಮೇಲೆ ಹೊಂಡಗಳು ಮರೆತುಹೋದವು. ಈಗ ನಗರಕ್ಕೆ ನೀರು ಬರುವುದು ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಅಂದರೆ ಸೂಳೆಕೆರೆಯಿಂದ, ಜೊತೆಗೆ ಹಿರಿಯೂರು ತಾಲ್ಲೂಕಿನ ವಾಣಿ ವಿಲಾಸ ಸಾಗರದಿಂದ. ಹತ್ತಾರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ನೀರಿದು. ಬೆಟ್ಟದ ಮೇಲೆ ಬೀಳುವ ಮಳೆ ಮಾತ್ರ ನಿಂತಿಲ್ಲ. ಅದು ಮೊದಲಿನ ಹಾಗೇ ಬಂಡೆ ಮೇಲಿಂದ ಜಾರಿ ಪೇಟೆ ಕಡೆಗೇ ಬರುತ್ತದೆ. ಅದು ಹರಿಯುತ್ತಿದ್ದ ಜಾಗದಲ್ಲಿ ಕಾಂಕ್ರೀಟ್ ರಸ್ತೆ, ಕಾಂಪೌಂಡು, ಕಸ ತುಂಬಿದ ಚರಂಡಿ ಎದುರಾದರೆ ರಸ್ತೆ ಮೇಲೆ ನಿಲ್ಲುತ್ತದೆ, ತಗ್ಗಿನ ಮನೆಗೆ ನುಗ್ಗುತ್ತದೆ. ಕೆಳಗಿನ ಹೊಂಡಕ್ಕೆ ಶುದ್ಧ ಮಳೆ ನೀರಿನ ಬದಲು ಚರಂಡಿ ನೀರು ಸೇರುತ್ತದೆ.

89 ವರ್ಷದ ಮರೆವು: ಹಿರಿಯೂರು, ಹೊಸದುರ್ಗ ಕಲಿಸಿದ ಪಾಠ

ನೀರಿನ ದಾರಿಯನ್ನು ಜನ ಮರೆತರೂ ನೀರು ಮರೆಯುವುದಿಲ್ಲ ಅನ್ನುವುದಕ್ಕೆ ಜಿಲ್ಲೆಯಲ್ಲೇ ಉದಾಹರಣೆ ಇದೆ. ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ ಕಟ್ಟಿಸಿದ ವಾಣಿ ವಿಲಾಸ ಸಾಗರ ಪೂರ್ತಿಯಾದದ್ದು 1907ರಲ್ಲಿ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿ ವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ. 30 ಟಿಎಂಸಿ ಸಾಮರ್ಥ್ಯದ, 130 ಅಡಿ ಮಟ್ಟಕ್ಕೆ ಕೋಡಿ ಬೀಳುವ ಜಲಾಶಯ ಇದು.

ಅದು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ನಂತರ. ನಡುವೆ ಮೂರು ತಲೆಮಾರು ಬಂದು ಹೋಯಿತು. ಈ ಡ್ಯಾಂ ತುಂಬೋದೇ ಇಲ್ಲ ಅನ್ನುವ ಮಾತು ಗಾದೆಯ ಹಾಗೆ ಉಳಿದುಕೊಂಡಿತ್ತು. ಕೋಡಿ ನೀರು ಹೋಗುವ ಹಾದಿ, ಹೊಳೆಯ ಪಕ್ಕದ ತಗ್ಗು ಜಾಗ ಎಲ್ಲ ಬರೀ ಖಾಲಿ ಜಾಗದಂತೆ ಕಂಡವು. ಅಲ್ಲಿ ತೋಟ, ಮನೆ ಎದ್ದವು. 2022ರಲ್ಲಿ ಜನ ಡ್ಯಾಂ ನೋಡಲು ಜಾತ್ರೆಯಂತೆ ಬಂದರು. ಅದೇ ವರ್ಷ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಭಾಗದಲ್ಲಿ ಜಮೀನು, ತೋಟಗಳಿಗೆ ನೀರು ಹತ್ತಿತು. ಹಿರಿಯೂರು ಕಡೆ ಹೊಳೆ ಪಕ್ಕದ ತಗ್ಗಿನವರು ಮನೆ ಬಿಟ್ಟು ಬರಬೇಕಾಯಿತು. 2025ರಲ್ಲಿ ಡ್ಯಾಂ ಮತ್ತೆ ಕೋಡಿ ಬಿತ್ತು.

ಮುಂದೆ ಇದು ಅಪರೂಪದ ಸಂಗತಿಯಾಗಿ ಉಳಿಯುವ ಹಾಗಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರ ಬಳಿಯ ಸುರಂಗ ದಾಟಿ ಬರುವ ದಾರಿಯಲ್ಲಿ ವಾಣಿ ವಿಲಾಸ ಸಾಗರವೂ ಸೇರಿದೆ. 2023–24ರ ಕೇಂದ್ರ ಬಜೆಟ್‌ನಲ್ಲಿ ಈ ಯೋಜನೆಗೆ ₹5,300 ಕೋಟಿ ನೆರವು ಘೋಷಣೆಯಾಗಿತ್ತು. ಬರಗಾಲದ ಜಿಲ್ಲೆಗೆ ನೀರು ಬರುವುದು ಸಂತೋಷದ ಮಾತು. ಆದರೆ ನೀರು ಬರುವ ಜಿಲ್ಲೆಯಲ್ಲಿ ನೀರು ಹೋಗುವ ದಾರಿಯನ್ನೂ ಖಾಲಿ ಬಿಟ್ಟಿರಬೇಕು. ವೇದಾವತಿಗೆ ಅನ್ವಯಿಸುವ ಈ ಮಾತು ದುರ್ಗದ ಬೆಟ್ಟದ ನೀರಿಗೂ ಅನ್ವಯಿಸುತ್ತದೆ.

100 ಮೀಟರ್, 200 ಮೀಟರ್: ಕಾನೂನು ಹೇಳೋದೇನು?

ಕೋಟೆ ಪಕ್ಕದಲ್ಲಿ ಮನೆ ಇರುವವರು ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ರಾಷ್ಟ್ರೀಯ ಮಹತ್ವದ ಸ್ಮಾರಕದ ಸುತ್ತ ಮೊದಲ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಗುಡಿಯಿಂದಲೋ ಬಾಗಿಲಿನಿಂದಲೋ ಅಲ್ಲ, ಸಂರಕ್ಷಿತ ಎಂದು ಗುರುತಿಸಿದ ಜಾಗದ ಅಂಚಿನಿಂದ.

ಸರಳವಾಗಿ ಹೇಳಿದರೆ ಹೀಗೆ:

ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೂ ಮೊದಲಿನಿಂದ ಇರುವ ಮನೆಯಾದರೆ ದುರಸ್ತಿ, ನವೀಕರಣಕ್ಕೆ ಅರ್ಜಿ ಹಾಕಬಹುದು. ಅನುಮತಿ ಸಿಕ್ಕ ಮೇಲೆ ಕೆಲಸ ಮಾಡಬಹುದು.

ನಿಯಂತ್ರಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟಲೂ ಅವಕಾಶ ಇದೆ, ಆದರೆ ಮೊದಲೇ ಅನುಮತಿ ಬೇಕು. ಅರ್ಜಿ ಸಕ್ಷಮ ಪ್ರಾಧಿಕಾರದ ಮೂಲಕ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗುತ್ತದೆ. ನಗರಸಭೆ ಕೊಡುವ ಲೈಸೆನ್ಸ್ ಒಂದೇ ಸಾಲದು.

ಚರಂಡಿ ಕಟ್ಟುವುದು, ಸ್ವಚ್ಛ ಮಾಡುವುದು, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರು, ವಿದ್ಯುತ್ ಪೂರೈಕೆಯಂಥ ಕೆಲಸಗಳನ್ನು ಈ ಕಾಯ್ದೆ 'ನಿರ್ಮಾಣ' ಎಂದು ಲೆಕ್ಕ ಹಾಕುವುದಿಲ್ಲ. ಹಾಗಾಗಿ ಪುರಾತತ್ವದವರು ಬಿಡೋದಿಲ್ಲ, ಅದಕ್ಕೇ ಚರಂಡಿ ಆಗಿಲ್ಲ ಅಂತ ಯಾರಾದರೂ ಹೇಳಿದರೆ ಜನ ಮರುಪ್ರಶ್ನೆ ಕೇಳಬಹುದು.

ಅನುಮತಿ ಇಲ್ಲದೆ ನಿಷೇಧಿತ ಪ್ರದೇಶದಲ್ಲಿ ಕಟ್ಟಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಈ ಕಾನೂನಿನಿಂದ ಕೋಟೆ ಪಕ್ಕದ ಬಡ ಕುಟುಂಬಗಳಿಗೆ ಕಷ್ಟ ಇದೆ. ಸೋರುವ ಮಾಳಿಗೆ ಬದಲಿಸಲೂ ಅರ್ಜಿ ಹಾಕಿ ಕಾಯಬೇಕು. ಆಸ್ತಿ ಇದ್ದರೂ ಮೇಲೆ ಒಂದು ರೂಮು ಕಟ್ಟಲಾಗದು. ಅದೇ ಹೊತ್ತಿಗೆ ಸ್ವಲ್ಪ ಆಚೆ ನಾಲ್ಕು ಅಂತಸ್ತು ಏಳುವುದನ್ನು ಅವರು ನೋಡುತ್ತಾರೆ. ಸಿಟ್ಟು ಬರುವುದು ಸಹಜ.

ಕೇಂದ್ರದ ಪಟ್ಟಿಯಲ್ಲಿ ಇಲ್ಲಿನ ಸ್ಮಾರಕವನ್ನು ನಮೂದಿಸಿರುವುದು 'ಬೆಟ್ಟದ ಮೇಲಿನ ಕೋಟೆ ಮತ್ತು ದೇವಾಲಯಗಳು' ಎಂಬ ಅರ್ಥದಲ್ಲಿ. ಪದಗಳನ್ನು ಗಮನಿಸಿ. ಬೆಟ್ಟದ ಮೇಲಿನದು. ಪೇಟೆಯೊಳಗಿನ ಗೋಡೆಯ ತುಂಡು, ಮುಚ್ಚಿಹೋದ ಕಂದಕ, ಹೊಂಡದಿಂದ ಹೊಂಡಕ್ಕೆ ನೀರು ಹರಿಯುತ್ತಿದ್ದ ಕಾಲುವೆ, ಹಳೇ ಬೀದಿಯ ಸಾಲುಮನೆ, ಇವೆಲ್ಲ ಆ ನುಡಿಯ ಹೊರಗೆ ಉಳಿಯುತ್ತವೆ.

ಮುಂದಿನ ಬದಲಾವಣೆ ರೈಲಿನಲ್ಲಿ ಬರುತ್ತದೆ

ಇದನ್ನೆಲ್ಲ ಈಗಲೇ ಯೋಚಿಸಬೇಕಾದ್ದು ಯಾಕೆ? ಉತ್ತರ ರೈಲು. ಇಲ್ಲಿವರೆಗೆ ಬೆಂಗಳೂರು–ಹುಬ್ಬಳ್ಳಿ ಮುಖ್ಯ ರೈಲು ಮಾರ್ಗ ಚಿತ್ರದುರ್ಗವನ್ನು ಮುಟ್ಟದೆಯೇ ಹೋಗುತ್ತದೆ. ಅರಸೀಕೆರೆ, ಬೀರೂರು, ಹೊಸದುರ್ಗ ರೋಡ್ ದಾಟಿ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಮೂಲಕ ದಾವಣಗೆರೆ ಸೇರುತ್ತದೆ. ಚಿತ್ರದುರ್ಗ ಇರುವುದು ಚಿಕ್ಕಜಾಜೂರಿನಿಂದ ರಾಯದುರ್ಗ, ಬಳ್ಳಾರಿ ಕಡೆಗೆ ಕವಲೊಡೆಯುವ ಮಾರ್ಗದಲ್ಲಿ. ಅದಕ್ಕೇ ದುರ್ಗದವರಿಗೆ ಬೆಂಗಳೂರು ಅಂದರೆ ಬಸ್ಸು.

ತುಮಕೂರು–ದಾವಣಗೆರೆ ನೇರ ರೈಲು ಮಾರ್ಗ ಇದನ್ನು ಬದಲಿಸುತ್ತದೆ. ಸುಮಾರು 190 ಕಿಲೋಮೀಟರ್ ಉದ್ದದ ಈ ಮಾರ್ಗ ಶಿರಾ, ಹಿರಿಯೂರು, ಚಿತ್ರದುರ್ಗ, ಭರಮಸಾಗರದ ಮೂಲಕ ಹಾದುಹೋಗುತ್ತದೆ. ಅದು ಪೂರ್ತಿಯಾದ ದಿನ ಹಿರಿಯೂರು ಮತ್ತು ದುರ್ಗ ಎರಡೂ ಬೆಂಗಳೂರಿಗೆ ಹತ್ತಿರವಾಗುತ್ತವೆ. ಹತ್ತಿರವಾದ ಊರಲ್ಲಿ ಸೈಟಿನ ಬೆಲೆ ಏರುತ್ತದೆ. ಸೈಟಿನ ಬೆಲೆ ಏರಿದರೆ ಹಳೇ ಮನೆ ಉರುಳುತ್ತದೆ, ರಾಜಕಾಲುವೆ ಕಿರಿದಾಗುತ್ತದೆ, ಗುಡ್ಡದ ಬುಡ ಸಪಾಟಾಗುತ್ತದೆ. ಬೆಂಗಳೂರಿನ ಕೆರೆಗಳ ಕತೆ ಎಲ್ಲರಿಗೂ ಗೊತ್ತಿರುವುದೇ. ಬೈಪಾಸ್ ಬಂದಾಗ ಆದದ್ದು ರೈಲು ಬಂದಾಗ ಇನ್ನೂ ಜೋರಾಗಿ ಆಗುತ್ತದೆ.

ಹಾಗಾದರೆ ಊರಿನವರು ಮಾಡಬಹುದಾದ್ದು ಏನು?

ಹಳೇದನ್ನೆಲ್ಲ ಹಾಗೇ ಇಡಬೇಕು ಅಂತ ಯಾರೂ ಹೇಳುವುದಿಲ್ಲ. ಮನೆಯಲ್ಲಿ ಬಾಳುವವರಿಗೆ ಅನುಕೂಲ ಬೇಕು. ಆದರೆ ಯಾವುದು ಹೋದರೆ ಮತ್ತೆ ಬರುವುದಿಲ್ಲವೋ ಅದನ್ನು ಮೊದಲು ಗುರುತು ಹಾಕಿಕೊಳ್ಳಬೇಕು.

ಮೊದಲನೆಯದು ನಕ್ಷೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಪ್ರಕಾರ ನಗರದ ಮಹಾಯೋಜನೆ ಅಂತಿಮವಾಗುವ ಮುಂಚೆ ಕರಡನ್ನು ಸಾರ್ವಜನಿಕರ ಮುಂದಿಡಬೇಕು, ಆಕ್ಷೇಪಣೆ ಕೇಳಬೇಕು. ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಯಲ್ಲಿ ಆ ಕರಡು ಇಟ್ಟಾಗ ಬಹಳ ಜನ ನೋಡುವುದು ತಮ್ಮ ಸೈಟು ಹಳದಿ ಬಣ್ಣದಲ್ಲಿದೆಯಾ ಇಲ್ಲವಾ ಅಂತ ಮಾತ್ರ. ಹೊರಕೋಟೆಯ ಗೋಡೆ, ಕಂದಕ, ಹೊಂಡಗಳ ನಡುವಿನ ಕಾಲುವೆ ಆ ನಕ್ಷೆಯಲ್ಲಿ ಇದೆಯಾ ಅಂತಲೂ ನೋಡಿ, ಇಲ್ಲದಿದ್ದರೆ ಲಿಖಿತವಾಗಿ ಆಕ್ಷೇಪಣೆ ಕೊಡಬಹುದು. ನಕ್ಷೆಯಲ್ಲಿ ಇಲ್ಲದ ಕಾಲುವೆಯನ್ನು ಆಮೇಲೆ ಯಾರೂ ಕಾಪಾಡಲಾಗುವುದಿಲ್ಲ.

ಎರಡನೆಯದು ನೀರು. ಸಂತೆ ಹೊಂಡ, ಸಿಹಿನೀರು ಹೊಂಡದ ಹೂಳು ತೆಗೆಸಿ ಬಣ್ಣ ಹೊಡೆಸಿದರೆ ಕೆಲಸ ಮುಗಿಯುವುದಿಲ್ಲ. ಅವುಗಳಿಗೆ ಮಳೆ ನೀರು ಬರುವ ದಾರಿ ತೆರೆದು, ಚರಂಡಿ ನೀರು ಬೇರೆ ಮಾಡಬೇಕು. ದಾರಿ ಇಲ್ಲದ ಹೊಂಡ ಎರಡು ಮಳೆಗಾಲದಲ್ಲಿ ಮತ್ತೆ ಕಸದ ಗುಂಡಿಯಾಗುತ್ತದೆ.

ಮೂರನೆಯದು ಬೀದಿ. ಮುಖ್ಯ ರಸ್ತೆ ಅಗಲ ಆಗಲಿ. ಹಳೇ ಪೇಟೆಯ ಬೀದಿಗಳಿಗೆ ಅದೇ ಅಳತೆ ಹಾಕುವ ಮೊದಲು ಬೇರೆ ದಾರಿ ನೋಡಬಹುದು. ಒಮ್ಮುಖ ಸಂಚಾರ, ಪೇಟೆಯ ಅಂಚಿನಲ್ಲಿ ಪಾರ್ಕಿಂಗ್, ಲೋಡ್ ಇಳಿಸಲು ಬೆಳಗಿನ ಸಮಯ, ಇಂಥ ಕ್ರಮಗಳಿಗೆ ಗೋಡೆ ಒಡೆಯಬೇಕಿಲ್ಲ.

ನಾಲ್ಕನೆಯದು ಕೋಟೆ ಪಕ್ಕದ ಮನೆಯವರು. ಅವರಿಗೆ ನಿಷೇಧದ ನೋಟಿಸ್ ಒಂದೇ ತಲುಪಿದರೆ ಸಾಲದು. ದುರಸ್ತಿ ಅರ್ಜಿ ಹೇಗೆ ಹಾಕುವುದು, ಯಾವ ದಾಖಲೆ ಬೇಕು ಅಂತ ಕನ್ನಡದಲ್ಲಿ ತಿಳಿಸುವ ಒಂದು ಕೌಂಟರ್ ನಗರಸಭೆಯಲ್ಲಿ ಇದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಕೋಟೆಯಿಂದ ಕಷ್ಟವನ್ನಷ್ಟೇ ಕಂಡವರು ಕೋಟೆಯನ್ನು ಕಾಯುವುದಿಲ್ಲ.

ಊರು ಬಿಟ್ಟವರು ಮುಂದಿನ ಸಲ ದುರ್ಗಕ್ಕೆ ಬಂದಾಗ ಮಕ್ಕಳನ್ನು ನೇರ ಟಿಕೆಟ್ ಕೌಂಟರ್‌ಗೆ ಕರೆದುಕೊಂಡು ಹೋಗುವ ಬದಲು ರಂಗಯ್ಯನ ಬಾಗಿಲಿನಿಂದ ನಡೆಸಿಕೊಂಡು ಹೋಗಬಹುದು. ಅಲ್ಲಿಂದ ದೊಡ್ಡಪೇಟೆ, ಉಚ್ಚಂಗಿ ಯಲ್ಲಮ್ಮನ ಗುಡಿ, ಸಂತೆ ಹೊಂಡ, ಆಮೇಲೆ ಸಿಹಿನೀರು ಹೊಂಡ, ಕೊನೆಗೆ ಬೆಟ್ಟ. ಒಂದು ಬೆಳಗಿನ ನಡಿಗೆ ಅಷ್ಟೇ. ಏಳು ಸುತ್ತು ಎಲ್ಲಿಂದ ಶುರುವಾಗುತ್ತೆ ಅಂತ ಮಕ್ಕಳು ಕೇಳಿದರೆ ಬಾಗಿಲನ್ನು ಬೆರಳು ಮಾಡಿ ತೋರಿಸಬಹುದು, ಅದು ಇನ್ನೂ ಅಲ್ಲಿರುವ ತನಕ.